ದೇವರು ನೋಡ್ಕೋತಾನೆ ಎಂದ ಮೇಲೆ

2019ರ ಮಳೆಗಾಲದ ಒಂದು ಭಾನುವಾರ. ಪುಣೆಯ ಪಶ್ಚಿಮದ ಅಂಚಿನಲ್ಲಿ ಕಟ್ಟುತ್ತಿದ್ದ ವಸತಿ ಸಂಕೀರ್ಣವೊಂದರ ಹಿಂದೆ, ಪತ್ರಾ ಶೆಡ್ಡುಗಳ ಸಾಲಿನ ಮುಂದೆ ನಾನು ನಿಂತಿದ್ದೆ. ಪರಿಚಯದವರೊಬ್ಬರು ಫೋನ್ ಮಾಡಿ, "ನಮ್ಮ ಕಡೆಯ ಹೆಣ್ಣುಮಗಳು, ಮರಾಠಿ ಓದಲಿಕ್ಕೆ ಬರೋದಿಲ್ಲ, ಒಂದು ಕಾಗದ ಓದಿ ಹೇಳಬೇಕಂತೆ" ಎಂದಿದ್ದರು. ಆಕೆ ಅಫಜಲಪುರ ತಾಲ್ಲೂಕಿನವಳು. ಹತ್ತು ದಿನದ ಹಿಂದೆ ಆಕೆಯ ಗಂಡ ಏಳನೇ ಮಹಡಿಯ ಸೆಂಟ್ರಿಂಗ್ ಕೆಲಸದಲ್ಲಿದ್ದಾಗ ಬಿದ್ದು ಸತ್ತಿದ್ದ. ಕೆಳಗೆ ಬಲೆ ಕಟ್ಟಿರಲಿಲ್ಲ, ಸೊಂಟಕ್ಕೆ ಬೆಲ್ಟು ಇರಲಿಲ್ಲ. ಮುಕಾದಮ ಕಳಿಸಿದ್ದ ಕಾಗದದಲ್ಲಿ, ಗಂಡ ಕುಡಿದಿದ್ದ, ತನ್ನ ತಪ್ಪಿನಿಂದಲೇ ಬಿದ್ದ, 40 ಸಾವಿರ ರೂಪಾಯಿ ಮುಟ್ಟಿದೆ, ಇನ್ನು ಯಾವ ತಕರಾರೂ ಇಲ್ಲ ಎಂದು ಬರೆದಿತ್ತು. ಕೆಳಗೆ ಹೆಬ್ಬೆಟ್ಟಿಗೆ ಜಾಗ.

ಓದಿ ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಕುಡದಿದ್ದಿಲ್ರಿ ಅಣ್ಣಾರ. ನಾ ಒತ್ತೂದಿಲ್ಲ. ದೇವ್ರು ನೋಡ್ಕೋತಾನ ಬಿಡ್ರಿ" ಎಂದಳು. ಆಮೇಲೆ ಆ ಕಾಗದವನ್ನು ನನ್ನ ಕೈಗೇ ಕೊಟ್ಟಳು. "ನೋಡೋಣ, ಏನಾದರೂ ಮಾಡಲಿಕ್ಕೆ ಬರುತ್ತದೋ" ಎಂದು ನಾನೇ ಕೇಳಿ ಪಡೆದಿದ್ದೆ.

ಮನೆಗೆ ಬರುವಾಗ ಬಸ್ಸಿನಲ್ಲಿ ನನ್ನ ಮನಸ್ಸು ಹಗುರವಾಗಿತ್ತು. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ನಿಜ. ಆಕೆಯ ಸಿಟ್ಟು ನನ್ನ ಕಡೆಗಾಗಲೀ ಈ ಊರಿನ ಕಡೆಗಾಗಲೀ ತಿರುಗಲಿಲ್ಲ. ದೇವರು ನೋಡ್ಕೋತಾನೆ ಎಂದ ಮೇಲೆ ನಾನು ನೋಡುವುದು ಏನು ಉಳಿಯಿತು? ಆ ಕಾಗದ ನನ್ನ ಟೇಬಲ್ಲಿನ ಡ್ರಾಯರ್ ಸೇರಿತು.

ಅನ್ಯಾಯದ ನಡುವೆ ದೇವರ ನ್ಯಾಯವನ್ನು ನಂಬುವುದು ಎಂದರೇನು ಎಂಬ ಪ್ರಶ್ನೆ ನನ್ನ ಪಾಲಿಗೆ ತತ್ತ್ವಶಾಸ್ತ್ರದ್ದಲ್ಲ, ಆ ಡ್ರಾಯರಿನದ್ದು. ಒಂದೇ ಮಾತನ್ನು ಆಕೆ ಆಡಿದಳು, ನಾನು ಕೇಳಿದೆ. ಆ ಮಾತು ಆಕೆಗೆ ಸುಳ್ಳು ಕಾಗದಕ್ಕೆ ಹೆಬ್ಬೆಟ್ಟು ಒತ್ತದಿರುವ ಧೈರ್ಯ ಕೊಟ್ಟಿತು, 40 ಸಾವಿರ ಬಿಡುವ ಶಕ್ತಿ ಕೊಟ್ಟಿತು. ನನಗೆ ಮಾತ್ರ ನಿದ್ದೆ ಕೊಟ್ಟಿತು.

*

ಪುಣೆಯಿಂದ ಸೊಲ್ಲಾಪುರದ ಕಡೆ ಹೋಗುವ ರೈಲು ಸುಮಾರು ಅರವತ್ತು ಕಿಲೋಮೀಟರು ದಾಟಿದ ಮೇಲೆ ಕೇಡಗಾಂವ್ ಎಂಬ ನಿಲ್ದಾಣ ಬರುತ್ತದೆ. ಕಲಬುರಗಿ, ರಾಯಚೂರಿನಿಂದ ಪುಣೆಗೆ ದುಡಿಯಲು ಬರುವವರ ರೈಲುಗಳೆಲ್ಲ ಈ ದಾರಿಯಲ್ಲೇ ಓಡುತ್ತವೆ. ಪಂಡಿತಾ ರಮಾಬಾಯಿ ಕಟ್ಟಿದ ಮುಕ್ತಿ ಆಶ್ರಮ ಇರುವುದು ಇಲ್ಲಿ. ಆಕೆಯನ್ನು ಮಹಾರಾಷ್ಟ್ರದವರು ತಮ್ಮವಳೆಂದು ಹೇಳುವುದು ಸರಿಯೇ. ಆದರೆ ಆಕೆಯ ಮನೆತನ ನಮ್ಮ ಕಾರ್ಕಳ ತಾಲ್ಲೂಕಿನ ಮಾಳದ್ದು. ಹುಟ್ಟಿದ್ದು 1858ರಲ್ಲಿ, ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ತಮ್ಮ ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದ್ದಕ್ಕೆ ಊರಿನ ಪಂಡಿತರ ವಿರೋಧ ಕಟ್ಟಿಕೊಂಡು ಕಾಡು ಸೇರಿದವರು.

ಮುಂದೆ ಸಾಲದಿಂದ ಮನೆ ಬಿಟ್ಟು, ಆ ಕುಟುಂಬ ತೀರ್ಥಕ್ಷೇತ್ರದಿಂದ ತೀರ್ಥಕ್ಷೇತ್ರಕ್ಕೆ ಪುರಾಣ ಹೇಳುತ್ತ ಅಲೆಯಿತು. 1870ರ ದಶಕದ ಬರಗಾಲ ಅವರನ್ನು ದಕ್ಷಿಣದಲ್ಲಿ ಹಿಡಿಯಿತು. ರಮಾಬಾಯಿ 1907ರಲ್ಲಿ ಬರೆದ ಆತ್ಮನಿವೇದನೆಯಲ್ಲಿ ಆ ದಿನಗಳ ವಿವರವಿದೆ. ದೇವರು ಕೈಬಿಡುವುದಿಲ್ಲವೆಂದು ನಂಬಿ ಅವರು ವ್ರತ ಮಾಡಿದರು, ದಾನ ಕೊಟ್ಟರು, ಇದ್ದುದನ್ನು ಒಂದೊಂದಾಗಿ ಮಾರಿದರು. ಕೂಲಿ ಮಾಡಲು ಕುಲದ ಅಭಿಮಾನ ಬಿಡಲಿಲ್ಲ, ಮಾಡುವ ಬಗೆಯೂ ಗೊತ್ತಿರಲಿಲ್ಲ. ಕೊನೆಗೆ ಹನ್ನೊಂದು ಹಗಲು, ಹನ್ನೊಂದು ರಾತ್ರಿ ನೀರು, ಎಲೆ, ಒಂದಿಷ್ಟು ಕಾಡು ಖರ್ಜೂರದ ಮೇಲೆ ಕಳೆದರು. ತಂದೆ ಪುಣ್ಯತೀರ್ಥದಲ್ಲಿ ಮುಳುಗಿ ಪ್ರಾಣ ಬಿಡಲು ನಿಶ್ಚಯಿಸಿದಾಗ, ಮಗ ಶ್ರೀನಿವಾಸ ತಾನು ಕುಲದ ಅಭಿಮಾನ ಬಿಟ್ಟು ಕೂಲಿಗೆ ಹೋಗುತ್ತೇನೆಂದು ತಡೆದ. ಆದರೂ ಕೆಲವೇ ತಿಂಗಳ ಅಂತರದಲ್ಲಿ ತಂದೆ, ತಾಯಿ, ಅಕ್ಕ ಮೂವರೂ ಹೋದರು.

ಇದನ್ನು ಓದಿ "ನೋಡಿ, ನಂಬಿಕೆಯಿಂದ ಸತ್ತರು" ಎನ್ನುವವರಿದ್ದಾರೆ. ಅದು ಅನ್ಯಾಯದ ಮಾತು. ಅವರನ್ನು ಕೊಂದದ್ದು ನಂಬಿಕೆಯಲ್ಲ, ಬರ. ಆ ದಶಕದ ಕೊನೆಯ ಮಹಾಕ್ಷಾಮದಲ್ಲಿ ದಕ್ಷಿಣದ ಲಕ್ಷಗಟ್ಟಲೆ ಜನ ಸಾಯುತ್ತಿದ್ದಾಗಲೂ ಈ ದೇಶದ ಗೋಧಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗುತ್ತಿತ್ತು. ಅದಕ್ಕೆ ಅನಂತಶಾಸ್ತ್ರಿಗಳ ವ್ರತ ಕಾರಣವಲ್ಲ. ಆದರೆ ಒಂದು ಮಾತು ನಿಜ. ಅವರ ನಂಬಿಕೆ ಕಾಯುವುದನ್ನು ಮಾತ್ರ ಕಲಿಸಿತ್ತು. ಕಾಯುತ್ತ ಕೂತಾಗ ಸುತ್ತ ಇದ್ದ ಮನುಷ್ಯರು ಏನು ಮಾಡಬೇಕಿತ್ತು ಎಂಬ ಪ್ರಶ್ನೆಗೆ ಅಲ್ಲಿ ಜಾಗವಿರಲಿಲ್ಲ.

ಉಳಿದ ಇಬ್ಬರು, ರಮಾಬಾಯಿ ಮತ್ತು ಅಣ್ಣ, ಅಲೆಯುತ್ತ 1878ರಲ್ಲಿ ಕಲ್ಕತ್ತಾ ತಲುಪಿದರು. ಅಲ್ಲಿನ ವಿದ್ವಾಂಸರು ಆಕೆಗೆ 'ಪಂಡಿತಾ', 'ಸರಸ್ವತಿ' ಎಂಬ ಬಿರುದು ಕೊಟ್ಟರು. ಹೆಂಗಸರಿಗೆ ಧರ್ಮಶಾಸ್ತ್ರ ಹೇಳಿಕೊಡಿ ಎಂದು ಕೇಳಿದಾಗ ಆಕೆ ಆ ಗ್ರಂಥಗಳನ್ನು ಓದತೊಡಗಿದಳು. ಮಿಕ್ಕೆಲ್ಲ ವಿಷಯದಲ್ಲಿ ಒಂದಕ್ಕೊಂದು ವಿರುದ್ಧವಾಗಿದ್ದ ಗ್ರಂಥಗಳು, ಹೆಂಗಸರು ಮತ್ತು ಶೂದ್ರರು ಕೀಳು ಎಂಬ ವಿಷಯದಲ್ಲಿ ಮಾತ್ರ ಒಂದಾಗಿರುವುದು ಆಗ ಆಕೆಯ ಕಣ್ಣಿಗೆ ಬಿತ್ತು. ಅನ್ಯಾಯವನ್ನು ಸರಿಪಡಿಸುವವನು ದೇವರು ಎಂದು ನಂಬಿದ್ದವಳಿಗೆ, ಅನ್ಯಾಯವೇ ದೇವರ ಹೆಸರಿನಲ್ಲಿ ಬರೆದಿಟ್ಟದ್ದು ಕಂಡಿತು.

ಅಣ್ಣ ತೀರಿಕೊಂಡ. ಬೇರೆ ಜಾತಿಯ ಬಂಗಾಳಿ ವಕೀಲನನ್ನು ಮದುವೆಯಾದಳು. ಎರಡು ವರ್ಷ ತುಂಬುವ ಮೊದಲೇ ಅವನೂ ಕಾಲರಾದಿಂದ ಸತ್ತ. ಕೈಗೂಸಿನೊಂದಿಗೆ ಆಕೆ ಪುಣೆಗೆ ಬಂದದ್ದು 1882ರಲ್ಲಿ. ಆರ್ಯ ಮಹಿಳಾ ಸಮಾಜ ಕಟ್ಟಿದಳು. ಅದೇ ವರ್ಷ ಹಂಟರ್ ಶಿಕ್ಷಣ ಆಯೋಗದ ಮುಂದೆ ಹೆಣ್ಣುಮಕ್ಕಳಿಗೆ ಶಿಕ್ಷಕಿಯರೂ ವೈದ್ಯೆಯರೂ ಬೇಕೆಂದು ಸಾಕ್ಷ್ಯ ನುಡಿದಳು. 1883ರಲ್ಲಿ ಇಂಗ್ಲೆಂಡಿಗೆ ಹೋಗಿ ಅಲ್ಲಿ ಕ್ರೈಸ್ತಳಾದಳು. ಪುಣೆ ಇದನ್ನು ಸುಲಭವಾಗಿ ಕ್ಷಮಿಸಲಿಲ್ಲ. ಆಕೆಯ ಪರವಾಗಿ ಬರೆದ ಕೆಲವರಲ್ಲಿ ಜೋತಿರಾವ್ ಫುಲೆ ಒಬ್ಬರು. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ತೆರೆದ ಶಾರದಾ ಸದನ ಮರುವರ್ಷ ಪುಣೆಗೆ ಬಂತು. ಅಲ್ಲಿ ಮತಾಂತರ ನಡೆಯುತ್ತಿದೆ ಎಂಬ ಗಲಾಟೆಯಾಗಿ 1893ರಲ್ಲಿ ಹಲವು ಹುಡುಗಿಯರನ್ನು ಮನೆಯವರು ಬಿಡಿಸಿಕೊಂಡು ಹೋದರು. ರಾನಡೆ, ಭಂಡಾರಕರ್ ಅವರಂಥ ಬೆಂಬಲಿಗರೂ ಸಲಹಾ ಮಂಡಳಿಯಿಂದ ಹೊರಬಂದರು.

ಆಕೆ ಯಾವ ಧರ್ಮಕ್ಕೆ ಹೋದಳು, ಹೋದದ್ದು ಸರಿಯೇ ಎಂಬುದು ಇಲ್ಲಿ ನನ್ನ ವಿಷಯವಲ್ಲ. ನನ್ನ ಕುತೂಹಲ ಬೇರೆ. ದೇವರನ್ನು ನಂಬಿ ಮನೆಯವರೆಲ್ಲ ಉಪವಾಸ ಸತ್ತದ್ದನ್ನು ಕಂಡವಳು ಮತ್ತೆ ದೇವರನ್ನು ನಂಬಿದಳಲ್ಲ, ಆ ಎರಡನೆಯ ನಂಬಿಕೆ ಹೇಗಿತ್ತು?

1896–97ರಲ್ಲಿ ಮತ್ತೆ ಬರ ಬಿತ್ತು. ಮಧ್ಯ ಪ್ರಾಂತ್ಯದ ಬರಗಾಲದ ಶಿಬಿರಗಳಿಗೆ ಆಕೆಯೇ ಹೋಗಿ ಹೆಣ್ಣುಮಕ್ಕಳನ್ನು ಕರೆತಂದಳು. ಹಸಿದ ಹುಡುಗಿಯರನ್ನು ಮಾರಾಟಕ್ಕೆ ಒಯ್ಯುವವರೂ ಅದೇ ಶಿಬಿರಗಳ ಸುತ್ತ ಸುಳಿಯುತ್ತಿದ್ದರು. ಕೇಡಗಾಂವದ ಬಯಲಿನಲ್ಲಿ ಭೂಮಿ ಕೊಂಡು, ಬಾವಿ ತೋಡಿಸಿ, ತೋಟ ಹಾಕಿಸಿದಳು. ಮಗ್ಗ, ಹಾಲಿನ ಕೊಟ್ಟಿಗೆ, ಎಣ್ಣೆಗಾಣ, ಮುದ್ರಣಾಲಯ, ಕುರುಡರಿಗೆ ಶಾಲೆ ಬಂದವು. 1900ರ ಗುಜರಾತಿನ ಬರದ ಹೊತ್ತಿಗೆ ಅಲ್ಲಿದ್ದವರ ಸಂಖ್ಯೆ ಎರಡು ಸಾವಿರದ ಹತ್ತಿರ ಬಂದಿತ್ತು. ಇಷ್ಟಕ್ಕೂ ದುಡ್ಡು ದೇವರೇ ಕಳಿಸುತ್ತಾನೆ ಎಂದು ಆಕೆ ನಂಬಿದ್ದಳು. ಆದರೆ ಬಾವಿಯನ್ನು ದೇವರು ತೋಡುತ್ತಾನೆ ಎಂದು ಬಿಡಲಿಲ್ಲ.

1897ರ ಪ್ಲೇಗಿನ ಕಾಲದಲ್ಲಿ ಪುಣೆಯ ಪ್ಲೇಗಿನ ಆಸ್ಪತ್ರೆಗೆ ಒಯ್ದ ಹೆಣ್ಣುಮಕ್ಕಳ ಗತಿ ಏನಾಯಿತು ಎಂದು ಸರಕಾರವನ್ನು ಕೇಳಿ ಪತ್ರಿಕೆಗೆ ಬಹಿರಂಗ ಪತ್ರ ಬರೆದದ್ದೂ ಇದೇ ರಮಾಬಾಯಿ. ಕ್ರೈಸ್ತ ಸರಕಾರ, ತಾನೂ ಕ್ರೈಸ್ತಳು, ದೇವರು ನೋಡಿಕೊಳ್ಳಲಿ ಎಂದು ಆಕೆ ಸುಮ್ಮನಿರಲಿಲ್ಲ. ಆ ಪತ್ರದ ಸದ್ದು ಲಂಡನ್ನಿನ ಪಾರ್ಲಿಮೆಂಟಿನವರೆಗೂ ಹೋಯಿತು.

ಮಗಳು ಮನೋರಮೆ 1910ರ ದಶಕದಲ್ಲಿ ಗುಲಬರ್ಗಾದಲ್ಲಿ ಶಾಲೆ ತೆರೆಯಲು ದುಡಿದಳು. ನನಗೆ ಕಾಗದ ಕೊಟ್ಟ ಹೆಣ್ಣುಮಗಳ ಜಿಲ್ಲೆಯದು. ನೂರು ವರ್ಷದ ಮೇಲೆ ಆ ಜಿಲ್ಲೆಯಿಂದ ಈಗಲೂ ಓದು ಬಾರದ ಹೆಣ್ಣುಮಕ್ಕಳು ಪುಣೆಯ ಪತ್ರಾ ಶೆಡ್ಡುಗಳಿಗೆ ಬರುತ್ತಿದ್ದಾರೆ.

*

ದೇವರನ್ನು ನಂಬುವುದೆಂದರೆ ಸುಮ್ಮನಿರುವುದು ಎಂಬ ಅರ್ಥ ಎಲ್ಲಿಂದ ಬಂತೋ ತಿಳಿಯದು. ನಮ್ಮ ನೆಲದ ನಂಬಿಕೆಗಳಲ್ಲಿ ಅದು ಮೊದಲಿನಿಂದಲೂ ಇದ್ದದ್ದಲ್ಲ.

ರಮಾಬಾಯಿಯ ಕಾರ್ಕಳದಲ್ಲೇ ಒಂದು ಕತೆಯಿದೆ. ಕಾರ್ಕಳದ ಗೊಮ್ಮಟ 1432ರದ್ದು. ಅದನ್ನು ಕಡೆದ ಬೀರ ಕಲ್ಕುಡನು ಇನ್ನೆಲ್ಲೂ ಅಂಥದ್ದನ್ನು ಮಾಡಬಾರದೆಂದು ಭೈರವರಸ ಅವನ ಒಂದು ಕೈ, ಒಂದು ಕಾಲು ಕಡಿಸಿದ ಎಂದು ತುಳು ಪಾಡ್ದನ ಹೇಳುತ್ತದೆ. ಅವನ ತಂಗಿ ಕಲ್ಲುರ್ಟಿ ಅಣ್ಣನನ್ನು ಹುಡುಕುತ್ತ ಬಂದು, ಅವನ ಗತಿ ಕಂಡು, ಇಬ್ಬರೂ ಮಾಯವಾಗಿ ದೈವಗಳಾಗಿ ಅರಸನನ್ನು ಕಾಡಿದರು. ಇವತ್ತಿಗೂ ತುಳುನಾಡಿನ ಮನೆಮನೆಗಳಲ್ಲಿ ಕಲ್ಲುರ್ಟಿಗೆ ನೇಮ ನಡೆಯುತ್ತದೆ. ಅಲ್ಲಿ ದೈವದ ಮುಂದೆ ದೂರು ಇಡಬಹುದು. ದೂರಿಗೊಳಗಾದವನು ಎಷ್ಟೇ ದೊಡ್ಡ ಮನುಷ್ಯನಾಗಿರಲಿ, ಹತ್ತು ಜನರೆದುರು ನಿಂತು ಉತ್ತರ ಹೇಳಬೇಕು. ಇದು ಚರಿತ್ರೆಯೋ ಕತೆಯೋ ಎಂಬುದಕ್ಕಿಂತ, ಅನ್ಯಾಯಕ್ಕೊಳಗಾದವರ ಸಿಟ್ಟನ್ನು ಒಂದು ನಾಡು ಪೂಜೆಯ ಜಾಗದಲ್ಲಿ ಇಟ್ಟಿತಲ್ಲ ಎಂಬುದು ನನಗೆ ಮುಖ್ಯ. ಆ ಸಿಟ್ಟನ್ನು ನುಂಗಿಕೊಳ್ಳಿ ಎಂದು ಅದು ಹೇಳಲಿಲ್ಲ.

ಪುಣೆಯ ಪಕ್ಕದ ದೇಹೂ ಊರಿನ ತುಕಾರಾಮರ ಕತೆಯೂ ಹೀಗೇ. ಶೂದ್ರನಾಗಿ ಅಭಂಗ ಬರೆದನೆಂದು ದೂರು ಹೋಗಿ, ಅವರ ವಹಿಗಳನ್ನು ಇಂದ್ರಾಯಣಿಯಲ್ಲಿ ಮುಳುಗಿಸಬೇಕಾಯಿತು. ತುಕಾರಾಮರು ಹದಿಮೂರು ದಿನ ಅನ್ನ ನೀರು ಬಿಟ್ಟು ನದಿಯ ದಂಡೆಯಲ್ಲಿ ಕೂತರು ಎಂದು ವಾರಕರಿಗಳು ಹೇಳುತ್ತಾರೆ. ವಹಿಗಳು ತೇಲಿಬಂದವು ಎಂಬ ಪವಾಡವನ್ನು ನೀವು ನಂಬಿ, ಬಿಡಿ. ನನಗೆ ಕಾಣುವುದು ಆ ಕೂತ ಮನುಷ್ಯ. ಅದು ಶರಣಾಗತಿ ಹೇಗೋ ಹಾಗೆ ಧರಣಿಯೂ ಹೌದು.

ಇದಕ್ಕೆ ತದ್ವಿರುದ್ಧವಾದ ಮಾತೊಂದು ನಮ್ಮಲ್ಲಿ ಬಹಳ ಚಾಲ್ತಿಯಲ್ಲಿದೆ. 'ಪಡೆದುಕೊಂಡು ಬಂದದ್ದು', 'ಹಿಂದಿನ ಜನ್ಮದ ಕರ್ಮ'. ಬಾಲವಿಧವೆಯೇ ಹಿಂದಿನ ಜನ್ಮದ ಪಾಪದಿಂದ ಗಂಡನನ್ನು ತಿಂದಳೆಂದು ಅಂದಿನ ಸಮಾಜ ಹೇಳುತ್ತಿದ್ದುದನ್ನು ರಮಾಬಾಯಿ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. ದೇವರ ನ್ಯಾಯ ಎಂಬ ಮಾತಿನ ಅತ್ಯಂತ ಕೆಟ್ಟ ಬಳಕೆ ಇದು. ಪೆಟ್ಟು ತಿಂದವರನ್ನೇ ಅಪರಾಧಿ ಮಾಡಿ, ಪೆಟ್ಟು ಕೊಟ್ಟವನನ್ನು ದೇವರ ಕೈಯ ಆಯುಧ ಮಾಡುತ್ತದೆ. ಅಫಜಲಪುರದ ಆ ಹೆಣ್ಣುಮಗಳಿಗೂ ಶೆಡ್ಡಿನಲ್ಲಿ ಯಾರೋ ಇದೇ ಸಮಾಧಾನ ಹೇಳಿದ್ದರಂತೆ. ಆಕೆ ಅದನ್ನು ಒಪ್ಪಲಿಲ್ಲ. ದೇವರು ನೋಡ್ಕೋತಾನೆ ಎಂದು ಆಕೆ ಹೇಳಿದ್ದರ ಅರ್ಥ, ಇದು ನನ್ನ ಹಣೆಬರಹವಲ್ಲ, ಯಾರೋ ಮಾಡಿದ ತಪ್ಪು, ಲೆಕ್ಕ ಇನ್ನೂ ಮುಗಿದಿಲ್ಲ ಎಂದು.

*

ನಾಸ್ತಿಕ ಗೆಳೆಯರು ಇಲ್ಲಿ ನಗುತ್ತಾರೆ, ಗೊತ್ತು. ದೇವರನ್ನು ಬಿಟ್ಟು ನೇರವಾಗಿ ಕೋರ್ಟಿಗೆ ಹೋಗಿ ಎನ್ನುತ್ತಾರೆ. ಅವರಿಗೂ ಆಸ್ತಿಕ ಗೆಳೆಯರಿಗೂ ಪುಣೆಯ ಒಂದೇ ಸೇತುವೆ ತೋರಿಸಬೇಕೆನಿಸುತ್ತದೆ.

ಮುಠಾ ನದಿಯ ಮೇಲೆ, ಓಂಕಾರೇಶ್ವರ ದೇವಸ್ಥಾನದ ಪಕ್ಕದಲ್ಲಿರುವ ಆ ಸೇತುವೆಗೆ ಮಹರ್ಷಿ ವಿಠ್ಠಲ ರಾಮಜಿ ಶಿಂದೆ ಅವರ ಹೆಸರು. ಶಿಂದೆ ಹುಟ್ಟಿದ್ದು ನಮ್ಮ ಜಮಖಂಡಿಯಲ್ಲಿ, 1873ರಲ್ಲಿ. ಪ್ರಾರ್ಥನಾ ಸಮಾಜದ ಧರ್ಮಪ್ರಚಾರಕರಾಗಿದ್ದ ಅವರು ಕೊನೆಯವರೆಗೂ ದೇವರನ್ನು ನಂಬಿದವರು. 1906ರಲ್ಲಿ ಅಸ್ಪೃಶ್ಯರಿಗಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ ಶಾಲೆ, ವಸತಿಗೃಹ ತೆರೆದವರೂ ಅವರೇ. ದೇವರು ಒಬ್ಬನೇ ಎಂದು ನಂಬುವವನು ಅಸ್ಪೃಶ್ಯತೆಯನ್ನು ನೋಡುತ್ತ ಕೂರುವಂತಿಲ್ಲ ಎಂಬುದು ಅವರ ಬಾಳಿನ ಲೆಕ್ಕಾಚಾರವಾಗಿತ್ತು.

ಅದೇ ಸೇತುವೆಯ ಮೇಲೆ 2013ರ ಆಗಸ್ಟ್ 20ರ ಬೆಳಗ್ಗೆ ವಾಯುವಿಹಾರಕ್ಕೆ ಹೊರಟಿದ್ದ ಡಾ. ನರೇಂದ್ರ ದಾಭೋಲ್ಕರ್ ಅವರನ್ನು ಗುಂಡಿಟ್ಟು ಕೊಂದರು. ತಾನು ವಿರೋಧಿಸುವುದು ದೇವರ ಹೆಸರಿನ ಶೋಷಣೆಯನ್ನು ಎಂದು ಅವರು ಮತ್ತೆ ಮತ್ತೆ ಹೇಳುತ್ತಿದ್ದರು. ಅವರು ವರ್ಷಗಟ್ಟಲೆ ಕೇಳಿದ್ದ ಮೂಢನಂಬಿಕೆ ವಿರೋಧಿ ಕಾನೂನನ್ನು, ಅವರು ಸತ್ತ ಕೆಲವೇ ದಿನಗಳಲ್ಲಿ ಮಹಾರಾಷ್ಟ್ರ ಸುಗ್ರೀವಾಜ್ಞೆಯಾಗಿ ತಂದಿತು. ಎರಡು ವರ್ಷದ ಮೇಲೆ, 2015ರ ಆಗಸ್ಟ್ 30ರಂದು, ಧಾರವಾಡದ ತಮ್ಮ ಮನೆಯ ಬಾಗಿಲಲ್ಲಿ ಎಂ.ಎಂ. ಕಲಬುರ್ಗಿಯವರು ಗುಂಡಿಗೆ ಬಲಿಯಾದರು.

ದಾಭೋಲ್ಕರ್ ಪ್ರಕರಣದ ತೀರ್ಪು ಪುಣೆಯ ವಿಶೇಷ ನ್ಯಾಯಾಲಯದಿಂದ ಬಂದದ್ದು 2024ರ ಮೇ 10ರಂದು. ಇಬ್ಬರಿಗೆ ಜೀವಾವಧಿ ಶಿಕ್ಷೆ, ಮೂವರ ಬಿಡುಗಡೆ. ಹತ್ತು ವರ್ಷ, ಎಂಟು ತಿಂಗಳು, ಇಪ್ಪತ್ತು ದಿನ. ಆ ಕಾಲದಲ್ಲಿ ಅವರ ಸಂಗಾತಿಗಳು ಪ್ರತಿ ತಿಂಗಳ 20ನೇ ತಾರೀಕು ಆ ಸೇತುವೆಯ ಮೇಲೆ ಸೇರುತ್ತಿದ್ದರು. ದೇವರ ಮೇಲೆ ಭಾರ ಹಾಕದವರೂ ಕಾಯಬೇಕಾಯಿತು. ಆದರೆ ಅವರು ಸೇತುವೆಯ ಮೇಲೆ ನಿಂತು ಕಾದರು.

ಭೂಮಿಯ ಮೇಲಿನ ನ್ಯಾಯವೂ ಇಷ್ಟು ತಡ, ಇಷ್ಟು ಅರೆಬರೆ ಎಂದಮೇಲೆ ಬಡವಳು ದೇವರನ್ನು ನಂಬಿದರೆ ತಪ್ಪೇನು? ಏನೂ ತಪ್ಪಿಲ್ಲ. ನನ್ನ ತಕರಾರು ಆಕೆಯ ಮೇಲಲ್ಲ, ಆಕೆಯ ಮಾತನ್ನು ಕೇಳಿ ಹೊದ್ದು ಮಲಗುವ ನನ್ನಂಥವರ ಮೇಲೆ. ದೇವರು ನೋಡ್ಕೋತಾನೆ ಎಂಬ ಮಾತನ್ನು ಪೆಟ್ಟು ತಿಂದವರು ಆಡಬಹುದು. ಪಕ್ಕದಲ್ಲಿ ನಿಂತವರಿಗೆ ಆ ಮಾತಿನ ಹಕ್ಕಿಲ್ಲ. ಮುಕಾದಮನೂ ಅದೇ ಮಾತು ಹೇಳಿದ್ದನಂತೆ, "ದೇವ್ರ ಇಚ್ಛಾ" ಅಂತ. ಅವನೂ ನಾನೂ ಆ ವಾರ ಒಂದೇ ದೇವರ ಹಿಂದೆ ಅಡಗಿದ್ದೆವು.

*

2020ರ ಮಳೆಗಾಲದಲ್ಲಿ, ಲಾಕ್‌ಡೌನಿನ ನಡುವೆ, ಅಫಜಲಪುರದ ಕಡೆಯಿಂದ ಫೋನ್ ಬಂತು. ಗಂಡನ ವರ್ಷದ ಕಾರ್ಯ ಮುಗಿಸಿದೆ ಎಂದು ಹೇಳಿ, "ಅಣ್ಣಾರ, ಆ ಕಾಗದ ಒಯ್ದಿದ್ರಲ್ರಿ, ಅದರದೇನಾತ್ರಿ?" ಎಂದು ಕೇಳಿದಳು. ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ಊರಲ್ಲಿ ಎಲ್ಲರಿಗೂ, ಪುಣೆಯಾಗ ಒಬ್ಬ ಅಣ್ಣಾ ಕಾಗದ ಒಯ್ದಾನ, ನೋಡಾಕತ್ತಾನ ಎಂದು ಹೇಳಿದ್ದಳಂತೆ.

ದೇವರು ನೋಡ್ಕೋತಾನೆ ಎಂದಾಗ ಆಕೆ ನನ್ನನ್ನೂ ಆ ಲೆಕ್ಕದಲ್ಲಿ ಸೇರಿಸಿಯೇ ಹೇಳಿದ್ದಳು. ಇಲ್ಲದಿದ್ದರೆ ಕಾಗದ ಕೊಡುತ್ತಿರಲಿಲ್ಲ. ನಾನು ಆ ಮಾತನ್ನು ಬೀಳ್ಕೊಡುಗೆ ಎಂದು ತಿಳಿದಿದ್ದೆ.

ಡ್ರಾಯರ್ ತೆರೆದೆ. ಆಗ ತಿಳಿದದ್ದನ್ನು ಇಲ್ಲಿ ಬರೆಯುತ್ತೇನೆ, ಯಾರಿಗಾದರೂ ಬೇಕಾದೀತು. ಕೆಲಸದಲ್ಲಿ ಸತ್ತವರ ಕುಟುಂಬಕ್ಕೆ ಪರಿಹಾರ ಕೊಡಿಸುವ ಕಾಯ್ದೆ ಆಗ 1923ರದ್ದು ಜಾರಿಯಲ್ಲಿತ್ತು. ಅದರ ಪ್ರಕಾರ ಎರಡು ವರ್ಷದೊಳಗೆ ಅರ್ಜಿ ಹಾಕಬೇಕು. ಸಂಬಳದ ಅರ್ಧವನ್ನು ವಯಸ್ಸಿಗೆ ಗೊತ್ತುಮಾಡಿದ ಗುಣಕದಿಂದ ಗುಣಿಸಿ ಪರಿಹಾರ ಲೆಕ್ಕ ಹಾಕುತ್ತಾರೆ, ಸಾವಿನ ಪ್ರಕರಣದಲ್ಲಿ ಅದು 1,20,000 ರೂಪಾಯಿಗಿಂತ ಕಡಿಮೆ ಇರುವಂತಿಲ್ಲ. ಮುಕಾದಮನ ಕೈಕೆಳಗಿನ ಕೂಲಿಯಾದರೂ ಮೂಲ ಮಾಲಿಕನ ಮೇಲೆ ಹೊಣೆ ಇದೆ. ಕುಡಿದಿದ್ದ ಎಂಬ ನೆಪ ಗಾಯದ ಪ್ರಕರಣದಲ್ಲಿ ನಡೆದೀತು, ಸಾವಿನಲ್ಲಿ ಅದರಿಂದ ಹೊಣೆ ತಪ್ಪುವುದಿಲ್ಲ. ಅಂದರೆ ಆ 40 ಸಾವಿರದ ಕಾಗದ ಅಳತೆಯಲ್ಲೂ ಸುಳ್ಳು, ಕಾನೂನಿನಲ್ಲೂ ಸುಳ್ಳು. ಇದನ್ನು ತಿಳಿಯಲು ನನಗೆ ಬೇಕಾದದ್ದು ಒಂದು ಮಧ್ಯಾಹ್ನ. ತೆಗೆದುಕೊಂಡದ್ದು ಒಂದು ವರ್ಷ.

ಎರಡು ವರ್ಷ ತುಂಬಲು ಕೆಲವೇ ವಾರ ಇದ್ದಾಗ ಅರ್ಜಿ ಹೋಯಿತು. ಹಾಜರಿ ಪುಸ್ತಕದಲ್ಲಿ ಗಂಡನ ಹೆಸರೇ ಇರಲಿಲ್ಲ. ಜೊತೆಗೆ ದುಡಿಯುತ್ತಿದ್ದ ಅಕ್ಕಲಕೋಟೆಯ ಕನ್ನಡದ ಹುಡುಗನೊಬ್ಬ ಬಂದು ಸಾಕ್ಷಿ ಹೇಳಿದ. ಆಮೇಲೆ ಆ ಮುಕಾದಮನ ಬಳಿ ಅವನಿಗೆ ಕೆಲಸ ಸಿಗಲಿಲ್ಲ. ಯಾಕೆ ಬಂದೆಯಪ್ಪಾ ಎಂದು ಕೇಳಿದ್ದಕ್ಕೆ, "ನಾಳೆ ಮ್ಯಾಲೆ ಹೋಗಿ ಏನಂತ ಹೇಳ್ಲಿ?" ಎಂದ. ಅವನೂ ದೇವರನ್ನು ನಂಬಿದವನೇ.

ಐದು ವರ್ಷದ ಮೇಲೆ ಹಣ ಬಂತು. ಕೇಳಿದ್ದಷ್ಟಲ್ಲ, ಆದರೆ 40 ಸಾವಿರದ ಹಲವು ಪಟ್ಟು. ಮಗಳು ಕಲಬುರಗಿಯಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಾಳೆ. ಪೊಲೀಸ್ ದಾಖಲೆಯಲ್ಲಿ ಮಾತ್ರ ಅದು ಇವತ್ತಿಗೂ ಆಕಸ್ಮಿಕ ಮರಣ. ಬಲೆ ಯಾಕೆ ಕಟ್ಟಿರಲಿಲ್ಲ ಎಂದು ಯಾರನ್ನೂ ಯಾರೂ ಕೇಳಲಿಲ್ಲ. ಆ ಕಟ್ಟಡದಲ್ಲಿ ಈಗ ಜನ ವಾಸಿಸುತ್ತಿದ್ದಾರೆ.

ಹಣ ಬಂದ ದಿನ ಫೋನಿನಲ್ಲಿ ಆಕೆ, "ಉಳದದ್ದು ದೇವ್ರು ನೋಡ್ಕೋತಾನ್ರಿ" ಎಂದಳು. ಈ ಸಲ ನನಗೆ ಹಗುರವಾಗಲಿಲ್ಲ. ನಾವು ಮಾಡಬಹುದಾದದ್ದನ್ನೆಲ್ಲ ಮಾಡಿದ ಮೇಲೂ ಉಳಿಯುವ ಭಾಗ ಒಂದಿದೆ. ಸತ್ತವನು ಬರುವುದಿಲ್ಲ, ತಪ್ಪು ಮಾಡಿದವನು ಎಲ್ಲೋ ಇನ್ನೊಂದು ಕಟ್ಟಡದ ಕೆಲಸ ಹಿಡಿದಿರುತ್ತಾನೆ. ಆ ಭಾಗವನ್ನು ಆಕೆ ದೇವರಿಗೆ ಬಿಟ್ಟಳು, ನಾನು ಎದುರಾಡಲಿಲ್ಲ. ಆದರೆ ಅದಕ್ಕೂ ಮೊದಲಿನ ಭಾಗ, ಡ್ರಾಯರಿನಲ್ಲಿ ಒಂದು ವರ್ಷ ಮಲಗಿದ್ದ ಭಾಗ, ದೇವರದ್ದಾಗಿರಲಿಲ್ಲ.